ಅಪ್‌ಡೇಟ್: ಸಂಡೆ ಬಜಾರಲ್ಲಿ ಸಿಕ್ಕ ಖಾಕಿ ಟೋಪಿ 1942ರದ್ದಂತೆ!

ಹೋದ ವಾರ ಕೇಳಿದ್ನಲ್ಲ, ಬೆಂಗಳೂರು ಸಂಡೆ ಬಜಾರಲ್ಲಿ ತಗೊಂಡ ಬ್ರಿಟಿಷರ ಕಾಲದ ಖಾಕಿ ಹ್ಯಾಟು, ಅಂದ್ರೆ ಸೋಲಾ ಟೋಪಿ, ಎಷ್ಟು ಹಳೇದು ಅಂತ, ಒಬ್ಬೊಬ್ರು ಒಂದೊಂದು ಹೇಳಿದ್ರಿ, ಈಗ ಗೊತ್ತಾಯ್ತು!

ಒಳಗಿನ ಚರ್ಮದ ಪಟ್ಟಿ ಮಡಚಿ ನೋಡಿ ಅಂತ ಒಬ್ರು ಹೇಳಿದ್ರು, ಅದೇ ಕೆಲಸಕ್ಕೆ ಬಂತು. ಪಟ್ಟಿ ಒಣಗಿ ಬಿರಿದಿತ್ತು, ಮೆಲ್ಲಗೆ ಎತ್ತಿ ಮೊಬೈಲ್ ಟಾರ್ಚ್ ಓರೆಯಾಗಿ ಬಿಟ್ರೆ ಮಾಸಿದ ನೇರಳೆ ಇಂಕಲ್ಲಿ ಬಾಣದ ಗುರುತು, ಕೆಳಗೆ ಇಂಗ್ಲಿಷ್ ಐ ಅಕ್ಷರ, ಪಕ್ಕದಲ್ಲಿ 1942! ಆ ಬಾಣ ಮತ್ತೆ ಐ ಇದ್ರೆ ಭಾರತದ ಮಿಲಿಟರಿ ಸಪ್ಲೈ ಅಂತ, ಅಂದ್ರೆ ಎರಡನೇ ಮಹಾಯುದ್ಧದ ಟೈಮಿಂದು. ಮೊದಲನೇ ಮಹಾಯುದ್ಧದ್ದಿರಬೇಕು ಅನ್ನೋ ಊಹೆ ಸರಿ ಇರ್ಲಿಲ್ಲ. ಬಕಲ್‌ಗೆ ಮ್ಯಾಗ್ನೆಟ್ ಹಿಡಿದೂ ನೋಡ್ದೆ, ಅದರಿಂದ ವರ್ಷ ಏನೂ ತಿಳಿಯಲ್ಲ.

ನಂಗೆ ನಿಜವಾಗ್ಲೂ ಆಶ್ಚರ್ಯ ಆಗಿದ್ದು ಬೇರೆ. ಸೋಲಾ ಟೋಪಿ ಅನ್ನೋ ಹೆಸರು ಬಿಸಿಲಿಗೆ ಹಾಕ್ಕೊಳೋದ್ರಿಂದ, ಸೋಲಾರ್ ಅನ್ನೋದ್ರಿಂದ ಬಂದಿದ್ದು ಅಂದ್ಕೊಂಡಿದ್ದೆ, ಆದ್ರೆ ಅದು ಶೋಲಾ ಅನ್ನೋ ಜೌಗು ಗಿಡದ ಹೆಸರು, ಅದರ ಬೆಳ್ಳಗಿನ ತಿರುಳಲ್ಲೇ ಟೋಪಿ ಮಾಡ್ತಿದ್ರು, ಬಂಗಾಳದಲ್ಲಿ ಮದುಮಗನ ಟೋಪಿ, ದುರ್ಗೆ ಅಲಂಕಾರ ಈಗ್ಲೂ ಅದ್ರಲ್ಲೇ ಮಾಡ್ತಾರೆ. ನಂದ್ರಲ್ಲಿ ಬಟ್ಟೆ ಹರಿದಿರೋ ಕಡೆ ಆ ತಿರುಳು ಕಾಣುತ್ತೆ, ಉಗುರು ತಾಗಿದ್ರೂ ಗುರುತು ಬೀಳೋಷ್ಟು ಮೆತ್ತಗೆ, ಕೈಲಿ ತೂಕವೇ ಇಲ್ಲ.

ಒದ್ದೆ ಬಟ್ಟೇಲಿ ಒರೆಸಿ ಅಂದವರ ಮಾತು ದಯವಿಟ್ಟು ಕೇಳ್ಬೇಡಿ, ನೀರು ಕುಡಿದ್ರೆ ತಿರುಳು ಮೆತ್ತಗಾಗಿ ಶೇಪ್ ಹೋಗುತ್ತೆ. ಮೆತ್ತನೆ ಬ್ರಷಲ್ಲಿ ಧೂಳು ತೆಗೆದು ಒಣಗಿದ ಜಾಗದಲ್ಲಿ ಇಟ್ಟಿದೀನಿ. ಪಟ್ಟಿ ಮಡಚಿ ಅಂದವರಿಗೆ ತುಂಬಾ ಥ್ಯಾಂಕ್ಸ್.