‘ಭ್ರಮಾಜನಕ’ ಎಂದರೆ ಸಾಕೇ? ಸೈಕೆಡೆಲಿಕ್ ಪದಕ್ಕೆ ಕನ್ನಡ ರೂಪದ ಬಗ್ಗೆ

ಬಳಗದ ಎಲ್ಲರಿಗೂ ಮೈಸೂರಿನಿಂದ ನಮಸ್ಕಾರ.

ಮಂಡ್ಯದ ಗೆಳೆಯರು ತರುತ್ತಿರುವ ಆರೋಗ್ಯದ ಕಿರುಹೊತ್ತಗೆಯೊಂದಕ್ಕೆ ಖಿನ್ನತೆಯ ಹೊಸ ಚಿಕಿತ್ಸೆಗಳನ್ನು ಕುರಿತು ಬರೆಯುತ್ತಿದ್ದೇನೆ. ಕಾಣುವುದು, ಅನಿಸುವುದು ಕೆಲಹೊತ್ತು ಬದಲಾಗುವಂತೆ ಮಾಡುವ ಒಂದು ಗುಂಪಿನ ವಸ್ತುಗಳಿಗಿರುವ ಸೈಕೆಡೆಲಿಕ್ ಎಂಬ ಪದ ಅದರಲ್ಲಿ ಪುಟಪುಟಕ್ಕೂ ಎದುರಾಗುತ್ತದೆ. ಇದನ್ನು ‘ಭ್ರಮಾಜನಕ’ ಎಂದೂ, ಇನ್ನೂ ಸಡಿಲವಾಗಿ ‘ಮಾದಕ’ ಎಂದೂ ಬರೆಯುವುದುಂಟು. ಎರಡಕ್ಕೂ ನನ್ನ ಮನಸ್ಸು ಒಪ್ಪುತ್ತಿಲ್ಲ. ಕಾರಣ ಬರಿಯ ಶಬ್ದದ್ದಲ್ಲ, ಜೀವವಿಜ್ಞಾನದ್ದು.

ಮೊದಲು ಮೂಲಪದ. ಕೆನಡಾದಲ್ಲಿ ಕೆಲಸ ಮಾಡುತ್ತಿದ್ದ ಬ್ರಿಟಿಷ್ ಮನೋವೈದ್ಯ ಹಂಫ್ರಿ ಆಸ್ಮಂಡ್ 1956ರಲ್ಲಿ ಲೇಖಕ ಆಲ್ಡಸ್ ಹಕ್ಸ್‌ಲಿಯವರೊಡನೆ ನಡೆಸಿದ ಪತ್ರವ್ಯವಹಾರದಲ್ಲಿ ಇದನ್ನು ಟಂಕಿಸಿದರು. ಗ್ರೀಕಿನ ‘ಸೈಕೀ’ ಎಂದರೆ ಮನಸ್ಸು ಅಥವಾ ಆತ್ಮ, ‘ಡೇಲೋಸ್’ ಎಂದರೆ ಸ್ಪಷ್ಟವಾಗಿ ತೋರುವುದು. ಅಂದರೆ ಮನಸ್ಸನ್ನು ಹೊರತೋರಿಸುವಂಥದ್ದು ಎಂದು ಅರ್ಥ. ಅದಕ್ಕೆ ಮೊದಲು ಇವೇ ವಸ್ತುಗಳನ್ನು ಹುಚ್ಚಿನ ಲಕ್ಷಣಗಳನ್ನು ಅನುಕರಿಸುವ ವಸ್ತುಗಳೆಂದು ಕರೆಯುತ್ತಿದ್ದರು. ಆ ಹೆಸರಿನಿಂದ ಬಿಡಿಸಿಕೊಳ್ಳಲೆಂದೇ ಹುಟ್ಟಿದ ಪದವನ್ನು ನಾವು ‘ಭ್ರಮೆ’ ಎಂದು ಅನುವಾದಿಸಿದರೆ, ಆಸ್ಮಂಡ್ ಬಿಟ್ಟು ಬಂದ ಜಾಗಕ್ಕೇ ಅವರನ್ನು ಮರಳಿ ಕರೆದೊಯ್ದಂತಾಗುತ್ತದೆ.

ಭ್ರಮೆ ಹುಟ್ಟಿಸುವುದು ಹೇಗಿರುತ್ತದೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ಪಾಂಡವಪುರದ ಬಳಿಯ ನಮ್ಮೂರಿನಲ್ಲಿ, ನಾನು ಚಿಕ್ಕವನಿದ್ದಾಗ, ದನ ಕಾಯುವ ಹುಡುಗನೊಬ್ಬ ಮದಗುಣಿಕೆಯ ಮುಳ್ಳುಕಾಯಿ ಬಿಡಿಸಿ ಬೀಜ ತಿಂದುಬಿಟ್ಟಿದ್ದ. ಜಗುಲಿಯ ಮೇಲೆ ಕೂರಿಸಿದರೆ ಗಾಳಿಯಲ್ಲಿ ಏನನ್ನೋ ಹೆಕ್ಕುತ್ತಿದ್ದ. ಕಣ್ಣಿನ ಪಾಪೆ ಅರಳಿಕೊಂಡಿತ್ತು. ಯಾರೂ ಇಲ್ಲದ ಮೂಲೆಗೆ ತಿರುಗಿ ಅವ್ವನೊಡನೆ ಮಾತಾಡುತ್ತಿದ್ದ, ಅವ್ವ ಪಕ್ಕದಲ್ಲೇ ನಿಂತು ಅಳುತ್ತಿದ್ದರೂ. ಮದಗುಣಿಕೆಯಲ್ಲಿರುವ ಅಟ್ರೋಪಿನ್, ಸ್ಕೋಪೊಲಮಿನ್‌ಗಳು ನರಕೋಶದಿಂದ ನರಕೋಶಕ್ಕೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ನರವಾಹಕದ ಕೆಲಸವನ್ನು ತಡೆಯುತ್ತವೆ. ತಾನು ಕಾಣುತ್ತಿರುವುದು ಸುಳ್ಳು ಎಂಬ ಅರಿವೇ ಆಗ ತಪ್ಪಿಹೋಗುತ್ತದೆ.

ಕೆಲವು ಜಾತಿಯ ಅಣಬೆಗಳಲ್ಲಿರುವ ಸಿಲೊಸೈಬಿನ್‌ನ ದಾರಿ ಬೇರೆ. ದೇಹದೊಳಗೆ ಅದು ತನ್ನ ಫಾಸ್ಫೇಟ್ ತುಣುಕನ್ನು ಕಳೆದುಕೊಂಡು ಸಿಲೋಸಿನ್ ಆಗುತ್ತದೆ. ಸಿರೊಟೋನಿನ್ ಎಂಬ ಇನ್ನೊಂದು ನರವಾಹಕದ ರಚನೆಯನ್ನೇ ಬಹುಪಾಲು ಹೋಲುವುದರಿಂದ, ಮಿದುಳಿನ ಹೊರಪದರದ ನರಕೋಶಗಳ ಮೇಲಿರುವ 2ಎ ಬಗೆಯ ಸಿರೊಟೋನಿನ್ ಗ್ರಾಹಿಗಳಲ್ಲಿ, ಅಂದರೆ ಸಿರೊಟೋನಿನ್ ಬಂದು ಹಿಡಿದುಕೊಳ್ಳುವ ತಾಣಗಳಲ್ಲಿ, ಹೋಗಿ ಕೂರುತ್ತದೆ. ಸ್ವಿಸ್ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ 1938ರಲ್ಲಿ ತಯಾರಿಸಿ, 1943ರಲ್ಲಿ ತಮ್ಮ ಮೇಲೆಯೇ 250 ಮೈಕ್ರೋಗ್ರಾಂ ಪ್ರಯೋಗಿಸಿಕೊಂಡ ಎಲ್‌ಎಸ್‌ಡಿ ಮುಖ್ಯವಾಗಿ ಕೆಲಸ ಮಾಡುವುದೂ ಇದೇ ಗ್ರಾಹಿಯ ಮೂಲಕ. ಬಣ್ಣ, ಕಾಲ, ‘ನಾನು’ ಎಂಬ ಎಲ್ಲೆ ಇವೆಲ್ಲ ಬದಲಾದರೂ, ಇದು ಔಷಧದ ಪರಿಣಾಮ ಎಂಬ ತಿಳಿವಳಿಕೆ ಸಾಮಾನ್ಯವಾಗಿ ಉಳಿದಿರುತ್ತದೆ. ‘ಭ್ರಮಾಜನಕ’ ಎಂಬ ಒಂದೇ ಚೀಲಕ್ಕೆ ಅಣಬೆಯನ್ನೂ ಮದಗುಣಿಕೆಯನ್ನೂ ತುಂಬಿದರೆ ಈ ವ್ಯತ್ಯಾಸ ಓದುಗನಿಗೆ ತಿಳಿಯುವುದೇ ಇಲ್ಲ.

(‘ಗ್ರಾಹಿ’ ಎಂದು ಬರೆದುದಕ್ಕೂ ಕಾರಣವಿದೆ. ಮೊದಲ ಕರಡಿನಲ್ಲಿ ‘ಸಿರೊಟೋನಿನ್ ಗ್ರಾಹಕ’ ಎಂದಿತ್ತು. ಅದನ್ನು ಅಕ್ಷರ ಜೋಡಿಸುತ್ತಿದ್ದ ಮಂಡ್ಯದ ಹುಡುಗ, “ಇದ್ಯಾವ ಅಂಗ್ಡಿ ಗಿರಾಕಿ ಸಾ?” ಎಂದು ಕೇಳಿದ.)

‘ಮಾದಕ’ದ ತೊಡಕು ಇನ್ನೊಂದು ಬಗೆಯದು. ಅಫೀಮು, ಹೆರಾಯಿನ್‌ಗಳಂತೆ ದೇಹವನ್ನು ಚಟಕ್ಕೆ ಕಟ್ಟಿಹಾಕುವ ಗುಣ ಇವಕ್ಕೆ ಬಹುಮಟ್ಟಿಗೆ ಇಲ್ಲ. ನಮ್ಮ ದೇಶದ 1985ರ ಎನ್‌ಡಿಪಿಎಸ್ ಕಾಯ್ದೆಯ ಹೆಸರಿನಲ್ಲೇ ಮಾದಕ ದ್ರವ್ಯ ಬೇರೆ, ಮನಸ್ಸಿನ ಮೇಲೆ ಪರಿಣಾಮ ಬೀರುವ ವಸ್ತು ಬೇರೆ. ಸಿಲೊಸೈಬಿನ್, ಎಲ್‌ಎಸ್‌ಡಿ ಎರಡನೆಯ ಪಟ್ಟಿಯಲ್ಲಿವೆ. ಇಟ್ಟುಕೊಳ್ಳುವುದು ಅಪರಾಧವೇ, ಅದರಲ್ಲಿ ಸಂದೇಹವಿಲ್ಲ. ಆದರೆ ಆಸ್ಟ್ರೇಲಿಯಾದಲ್ಲಿ 2023ರ ಜುಲೈ 1ರಿಂದ, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಗೆ ವಿಶೇಷ ಅನುಮತಿ ಪಡೆದ ಮನೋವೈದ್ಯರು ಸಿಲೊಸೈಬಿನ್ ಬರೆದುಕೊಡಬಹುದು. ಗುಳಿಗೆಯ ಜೊತೆಗೆ ಆಪ್ತಸಮಾಲೋಚನೆಯೂ ಇರುವ ಈ ಚಿಕಿತ್ಸೆಯ ಬಗ್ಗೆ ‘ಮಾದಕ ಚಿಕಿತ್ಸೆ’ ಎಂದು ಬರೆದರೆ, ಓದಿದವರು ಅದನ್ನು ಚಟ ಬಿಡಿಸುವ ಚಿಕಿತ್ಸೆ ಎಂದುಕೊಂಡಾರು. ಹಾಗೆಂದು ಪದ ವಿಪರೀತ ಭರವಸೆ ಕೊಡುವಂತೆಯೂ ಇರಬಾರದು: ಸ್ವತಃ ಅಥವಾ ಮನೆತನದಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಇಂಥ ಪ್ರಯೋಗಗಳಿಂದ ಸಾಮಾನ್ಯವಾಗಿ ಹೊರಗಿಡುತ್ತಾರೆ.

ನನ್ನ ಮುಂದಿರುವ ರೂಪಗಳು ಹೀಗಿವೆ. ‘ಮನೋಪ್ರಕಾಶಕ’ ಎಂದು ಒಬ್ಬರು ಸೂಚಿಸಿದರು. ಪಕಾರದ ಮುಂದೆ ವಿಸರ್ಗ ಉಳಿದು ‘ಮನಃಪ್ರಕಾಶಕ’ ಆಗಬೇಕು, ಮತ್ತು ಅದು ಕೇಳಲು ಸ್ತೋತ್ರದ ಸಾಲಿನಂತಿದೆ. ಅಚ್ಚಗನ್ನಡದ ‘ಬಗೆದೋರುಕ’ ನನಗೆ ಇಷ್ಟವೇ. ಆದರೆ ಬಗೆ ಎಂದರೆ ಮನಸ್ಸು ಎಂಬ ಹಳಗನ್ನಡದ ಅರ್ಥ ಇಂದಿನ ಓದುಗನಿಗೆ ದೂರ. ಅವನು ‘ಬಗೆಬಗೆಯಾಗಿ ತೋರುವಂತೆ ಮಾಡುವುದು’ ಎಂದೇ ಬಿಡಿಸಿಕೊಳ್ಳುತ್ತಾನೆ. (ಆ ಅರ್ಥವೂ ಪೂರಾ ತಪ್ಪಲ್ಲ ಎನ್ನುವುದು ತಮಾಷೆ.) ನನ್ನ ಒಲವು ‘ಮನೋವ್ಯಂಜಕ’ದ ಕಡೆಗೆ. ಒಳಗಿರುವುದನ್ನು ವ್ಯಕ್ತಪಡಿಸುವಂಥದ್ದು ಎಂಬ ಅರ್ಥದಲ್ಲಿ ‘ವ್ಯಂಜಕ’ ನಮ್ಮ ಕಾವ್ಯಮೀಮಾಂಸೆಯಲ್ಲಿ ಮೊದಲಿನಿಂದಲೂ ಬಳಕೆಯಲ್ಲಿದೆ, ಗ್ರೀಕಿನ ‘ಡೇಲೋಸ್’ಗೂ ಹತ್ತಿರ. ವ್ಯಂಜನ ಎಂದೊಡನೆ ಕಾಗುಣಿತವೋ ಊಟದ ಎಲೆಯೋ ನೆನಪಾಗುವುದೊಂದೇ ನನಗಿರುವ ಅಳುಕು.

ಹಾಗಾಗಿ ಎರಡು ಪ್ರಶ್ನೆಗಳು. ‘ಮನೋವ್ಯಂಜಕ’ವನ್ನು ಈ ಅರ್ಥದಲ್ಲಿ ಯಾರಾದರೂ ಮೊದಲೇ ಬಳಸಿರುವುದನ್ನು ಕಂಡಿದ್ದೀರಾ? ಮೊದಲ ಸಲ ‘ಸೈಕೆಡೆಲಿಕ್’ ಎಂದೇ ಬರೆದು ಪಕ್ಕದಲ್ಲಿ ಈ ರೂಪ ಕೊಟ್ಟು, ಮುಂದೆ ಕನ್ನಡದ್ದನ್ನೇ ಬಳಸಿದರೆ, ಔಷಧದ ಅಂಗಡಿಯ ಚೀಟಿ ಓದಿ ಅಭ್ಯಾಸವಿರುವ ಸಾಮಾನ್ಯ ಓದುಗ ತಡವರಿಸುತ್ತಾನೆಯೇ? ಕರಡು ಅಚ್ಚಿಗೆ ಹೋಗಲು ಇನ್ನು ಹತ್ತು ದಿನವಿದೆ.