ಅಪ್‌ಡೇಟ್: ಸೋರ್ಸ್‌ನಿಂದ ಹಾಕಿದ್ದ ಪ್ರೋಗ್ರಾಂ ಪೂರ್ತಿ ಹೋಯಿತು
ಸೀಮೇಕ್ (ಸೋರ್ಸ್ ಕೋಡ್‌ನಿಂದ ಪ್ರೋಗ್ರಾಂ ಕಟ್ಟಲು ನೆರವಾಗುವ ಟೂಲ್) ಬಳಸಿ ಕಂಪೈಲ್ ಮಾಡಿದ ಪ್ರೋಗ್ರಾಂ ಅನ್ನು ಲಿನಕ್ಸ್‌ನಿಂದ ತೆಗೆಯುವುದು ಹೇಗೆ ಅಂತ ಕೇಳಿದ್ದೆನಲ್ಲ, ಈಗ ಕೆಲಸ ಆಯಿತು. ಪ್ರೋಗ್ರಾಂ ತೆಗೆಯುವ ‘ಮೇಕ್ ಅನ್‌ಇನ್‌ಸ್ಟಾಲ್’ ಕಮಾಂಡ್ ನಡೆಯಲಿಲ್ಲ. ಸೀಮೇಕ್ ಅದನ್ನು ತಾನಾಗಿ ಕೊಡುವುದಿಲ್ಲ, ಪ್ರಾಜೆಕ್ಟ್‌ನವರೇ ಸೇರಿಸಿರಬೇಕು. ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಹಾಕಿ ತೆಗೆಯುವ ಪ್ಯಾಕೇಜ್ ಮ್ಯಾನೇಜರ್‌ಗೂ ಆಗಲಿಲ್ಲ. ತಾನು ಹಾಕದ ಫೈಲ್‌ಗಳ ಲೆಕ್ಕ ಅದರ ಬಳಿ ಇರುವುದಿಲ್ಲ ಅಲ್ವಾ.

ಕಂಪೈಲ್ ನಡೆದ ಬಿಲ್ಡ್ ಫೋಲ್ಡರ್‌ನಲ್ಲಿ ‘ಇನ್‌ಸ್ಟಾಲ್ ಮ್ಯಾನಿಫೆಸ್ಟ್’ ಟೆಕ್ಸ್ಟ್ ಫೈಲ್ ನೋಡಿ ಎಂದವರ ಸಲಹೆಯೇ ಕೈಹಿಡಿಯಿತು. ತುಂಬಾ ಥ್ಯಾಂಕ್ಸ್! ಇನ್‌ಸ್ಟಾಲ್ ಆದ ಪ್ರತಿ ಫೈಲಿನ ಪಾತ್ (ಅದು ಇರುವ ಜಾಗ) ಅದರಲ್ಲಿತ್ತು. ಪಟ್ಟಿಯನ್ನು ಒಮ್ಮೆ ಓದಿ, ಅದರಲ್ಲಿದ್ದ ಹೆಸರುಗಳನ್ನು ಅಳಿಸುವ ಕಮಾಂಡ್‌ಗೆ ಕೊಡುವ ಎಕ್ಸ್‌ಆರ್ಗ್ಸ್ ಮೂಲಕ ಫೈಲ್‌ಗಳನ್ನು ಅಳಿಸಿದೆ. ಖಾಲಿ ಫೋಲ್ಡರ್‌ಗಳನ್ನು ಮಾತ್ರ ಕೈಯಿಂದ ತೆಗೆಯಬೇಕಾಯಿತು.

ಅಚ್ಚರಿ ಆಗಿದ್ದು ಬ್ಯಾಷ್ (ನಾವು ಟೈಪ್ ಮಾಡಿದ ಕಮಾಂಡ್ ನಡೆಸುವ ಪ್ರೋಗ್ರಾಂ) ನೋಡಿ. ಅಳಿಸಿದ ಮೇಲೂ ಅದು ಆ ಪ್ರೋಗ್ರಾಂ ಅನ್ನು ಹಳೆಯ ಪಾತ್‌ನಲ್ಲೇ ಹುಡುಕುತ್ತಿತ್ತು. ಬ್ಯಾಷ್ ನೆನಪಿಟ್ಟ ಪಾತ್‌ಗಳನ್ನು ಮರೆಸುವ ‘ಹ್ಯಾಶ್ ಮೈನಸ್ ಆರ್’ ಕಮಾಂಡ್ ಕೊಟ್ಟಾಗ ಸರಿಹೋಯಿತು. ಬಿಲ್ಡ್ ಫೋಲ್ಡರ್ ಉಳಿದಿಲ್ಲವೇ? ಅದೇ ವರ್ಷನ್ನನ್ನು ಅದೇ ಆಯ್ಕೆಗಳೊಂದಿಗೆ ಮತ್ತೆ ಇನ್‌ಸ್ಟಾಲ್ ಮಾಡಿ, ಪಟ್ಟಿ ಸಿಗುತ್ತದೆ.