ಲಿಂಫೋಮಾ, ಅಮೈಲಾಯ್ಡ್ ಎರಡನ್ನೂ ಹಿಡಿದು ಸಂಶೋಧನೆ ಮಾಡೋಕಾಗುತ್ತಾ?

ಸ್ಲೈಡುಗಿತ್ತಿ:

ಎಲ್ಲರಿಗೂ ನಮಸ್ಕಾರ. ನಾನು ಎಂಡಿ ಪೆಥಾಲಜಿ ಎರಡನೇ ವರ್ಷ. ಥೀಸಿಸ್ ಲಿಂಫೋಮಾ (ಬಿಳಿ ರಕ್ತಕಣದ ಒಂದು ಬಗೆಯ ಕ್ಯಾನ್ಸರ್) ಮೇಲೆ. ಇಲ್ಲಿವರೆಗೆ 47 ಕೇಸ್ ಸೇರಿವೆ, ಅದರಲ್ಲಿ ಒಂದು ನನ್ನ ನಿದ್ದೆ ಕೆಡಿಸಿದೆ. 58 ವರ್ಷದ ಹೆಂಗಸು, ಕುತ್ತಿಗೆಯಲ್ಲಿ ಗಂಟು. ಬೇರೆಲ್ಲೋ ಆರು ತಿಂಗಳು ಟಿಬಿ ಮಾತ್ರೆ ನುಂಗಿಸಿದ್ದಾರೆ, ಕರಗಿಲ್ಲ. ನಮ್ಮಲ್ಲಿ ಗಂಟು ತೆಗೆದು ನೋಡಿದರೆ ಲಿಂಫೋಪ್ಲಾಸ್ಮಾಸಿಟಿಕ್ ಲಿಂಫೋಮಾ. ಕೋಶಗಳ ನಡುನಡುವೆ ಕರಗಿದ ಮೇಣದ ಹಾಗೆ ಗುಲಾಬಿ ಬಣ್ಣದ್ದೇನೋ ಹರಡಿತ್ತು. ಸರ್ ಕಾಂಗೋ ರೆಡ್ ಬಣ್ಣ ಹಾಕಿಸು ಅಂದರು. ಪೋಲರೈಸರ್ ತಿರುಗಿಸಿದೆ, ಎಳೇ ಸೇಬಿನ ಹಸಿರು! ಅಂದರೆ ಅಮೈಲಾಯ್ಡ್, ತಪ್ಪಾಗಿ ಮಡಚಿಕೊಂಡು ಅಂಗಗಳಲ್ಲಿ ಕೂತುಬಿಡುವ ಪ್ರೋಟೀನು. ಕುರ್ಚಿಯಿಂದ ಎದ್ದು ನಿಂತೆ.

ನನ್ನ ಪ್ರಶ್ನೆ ಇಷ್ಟು. ಈ ಎರಡನ್ನೂ ಜೊತೆಗೆ ಇಟ್ಟುಕೊಂಡು ಸಂಶೋಧನೆ ಮಾಡಿದವರು ಇದ್ದಾರಾ? ಗೈಡ್ ಕೇಳಿದರೆ "ಎರಡು ದೋಣಿ ಬೇಡ" ಅಂತಾರೆ. ಮನೆಯಲ್ಲಿ ಅಮ್ಮ "ರೋಗಿ ಮುಖ ನೋಡದ ಡಾಕ್ಟರು ಎಂಥ ಡಾಕ್ಟರು" ಅನ್ನೋದು ಇನ್ನೂ ನಿಲ್ಲಿಸಿಲ್ಲ, ಅದು ಬೇರೆ ಮಾತು.

ಹಳೇ ಬ್ಲಾಕು:

ನೋಡಮ್ಮಾ, ನಾನು 31 ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತು ಈಗ ರಿಟೈರ್ ಆದವಳು. ನಿನ್ನ ಗೈಡ್ ಎರಡು ದೋಣಿ ಅಂದರಲ್ಲ, ನಿನ್ನ ಆ ಸ್ಲೈಡಿನಲ್ಲಿ ಇರೋದು ಒಂದೇ ದೋಣಿ. ಆ ಲಿಂಫೋಮಾದ ಕೋಶಗಳು ಪ್ಲಾಸ್ಮಾ ಕೋಶದ ಕಡೆಗೆ ವಾಲಿದವು, ಆಂಟಿಬಾಡಿ ತಯಾರಿಸುತ್ತವೆ. ಆಂಟಿಬಾಡಿಯ ಲೈಟ್ ಚೈನ್ ಅನ್ನೋ ತುಂಡು ಮಡಚಿಕೊಳ್ಳುವಾಗ ತಪ್ಪಿದರೆ ನಾರುನಾರಾಗಿ ಕೂತುಬಿಡುತ್ತೆ, ಹೃದಯ, ಕಿಡ್ನಿ, ನಾಲಗೆ ಎಲ್ಲಿ ಬೇಕಾದರೂ. ಅದೇ ಎಎಲ್ ಅಮೈಲಾಯ್ಡ್. ಗಂಟು ಕಾರ್ಖಾನೆ, ಅಮೈಲಾಯ್ಡ್ ಅದರ ಕೊಳೆ.

ಎರಡನ್ನೂ ಮಾಡಿದವರು ಬೇಕು ಅಂದೆಯಲ್ಲ, ಅಹ್ಮೆತ್ ದೋಗಾನ್ ಅನ್ನೋ ಪೆಥಾಲಜಿಸ್ಟರ ಲೇಖನಗಳನ್ನು ವರ್ಷದ ಪ್ರಕಾರ ಜೋಡಿಸಿಕೊಂಡು ಓದು. ಶುರುವಿನ ಕೆಲಸ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ, ಪೀಟರ್ ಐಸಾಕ್ಸನ್ ಇದ್ದ ಜಾಗ. ಐಸಾಕ್ಸನ್ ಅಂದರೆ 1983ರಲ್ಲಿ ಡೆನಿಸ್ ರೈಟ್ ಜೊತೆ, ಹೊಟ್ಟೆಯಂಥ ಅಂಗಗಳ ಒಳಪೊರೆಯಲ್ಲಿ ಹುಟ್ಟುವ ಮಾಲ್ಟ್ ಲಿಂಫೋಮಾವನ್ನು ಗುರುತಿಸಿದವರು. ಹತ್ತು ವರ್ಷದ ಮೇಲೆ ಅದೇ ಗುಂಪು ಹೊಟ್ಟೆಯ ಆ ಲಿಂಫೋಮಾ ಹೆಲಿಕೋಬ್ಯಾಕ್ಟರ್ ಅನ್ನೋ ಬ್ಯಾಕ್ಟೀರಿಯಾ ಕೊಲ್ಲುವ ಆಂಟಿಬಯಾಟಿಕ್‌ನಿಂದ ಕರಗೋದನ್ನು ತೋರಿಸಿತು. ಕ್ಯಾನ್ಸರಿಗೆ ಆಂಟಿಬಯಾಟಿಕ್! ನಾನು ಆಗ ಪಿಜಿ, ನಂಬಲೇ ಇಲ್ಲ.

ಅಲ್ಲಿಂದ 2002ರಲ್ಲಿ ದೋಗಾನ್ ಗುಂಪಿನ ಒಂದು ಪೇಪರ್ ಬಂತು, ಆಂಜಿಯೋಇಮ್ಯುನೋಬ್ಲಾಸ್ಟಿಕ್ ಟಿ ಸೆಲ್ ಲಿಂಫೋಮಾ ಬಗ್ಗೆ. ಆ ರೋಗದಲ್ಲಿ ಜ್ವರ, ಮೈಮೇಲೆ ಗುಳ್ಳೆ, ಎಲ್ಲ ಕಡೆ ಗಂಟು. ಗಂಟಿನೊಳಗೆ ನಾನಾ ಕೋಶಗಳ ಜಾತ್ರೆ, ನಿಜವಾದ ಕಳ್ಳರು, ಅಂದರೆ ಕ್ಯಾನ್ಸರ್ ಕೋಶಗಳು, ನಾಲ್ಕೇ ಜನ. ಸೋಂಕು ಅಂತ ಬರೆದು ಕೈತೊಳೆದುಕೊಂಡವರು ಎಷ್ಟೋ. ನಾವೆಲ್ಲ ಫಾಲಿಕ್ಯುಲರ್ ಲಿಂಫೋಮಾ ಹಿಡಿಯೋಕೆ ನೋಡುವ ಸಿಡಿ10 ಅನ್ನೋ ಗುರುತಿನ ಪ್ರೋಟೀನು ಇದೆಯಲ್ಲ, ಆ ಕಳ್ಳ ಟಿ ಕೋಶಗಳೂ ಅದನ್ನು ತೊಟ್ಟಿರುತ್ತವೆ ಅಂತ ಅವರು ಹಿಡಿದುಕೊಟ್ಟರು. ಅದನ್ನು ಓದಿ ನಾನು ನಮ್ಮ ಕಪಾಟಿನ, ಕ್ಯಾನ್ಸರ್ ಅಲ್ಲ ಅಂತ ಬರೆದಿಟ್ಟ ಹಳೇ "ರಿಯಾಕ್ಟಿವ್" ಕೇಸುಗಳನ್ನು ತೆಗೆದೆ. ಎರಡು ಸಿಕ್ಕವು. ಇಬ್ಬರಲ್ಲಿ ಒಬ್ಬರೂ ಉಳಿದಿರಲಿಲ್ಲ.

ಆಮೇಲೆ ಅವರು ಅಮೆರಿಕದ ರಾಚೆಸ್ಟರ್‌ಗೆ, ಮೇಯೋ ಕ್ಲಿನಿಕ್‌ಗೆ. 2009ರಲ್ಲಿ ಅಲ್ಲಿಂದ ಬಂದ ಪೇಪರ್ ಅಮೈಲಾಯ್ಡ್ ನೋಡುವ ರೀತಿಯನ್ನೇ ಬದಲಾಯಿಸಿತು. ಕಾಂಗೋ ರೆಡ್ ಹಿಡಿದ ಜಾಗವನ್ನಷ್ಟೇ ಲೇಸರ್‌ನಿಂದ ಕತ್ತರಿಸಿ, ಟ್ರಿಪ್ಸಿನ್‌ನಿಂದ ಪ್ರೋಟೀನನ್ನು ತುಂಡು ಮಾಡಿ, ಮಾಸ್ ಸ್ಪೆಕ್ಟ್ರೋಮೀಟರ್‌ನಲ್ಲಿ ತೂಗಿ, ಯಾವ ಪ್ರೋಟೀನು ಅಂತ ಹೇಳೋದು. ಮೇಯೋ ಬಿಟ್ಟ ಮೇಲೆ ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟ್ಟರಿಂಗ್. ಊರು ಬದಲಾದರೂ ಕೆಲಸ ಒಂದೇ: ಒಂದೇ ಥರ ಕಾಣುವ ಗುಲಾಬಿ ವಸ್ತುವಿಗೆ, ಒಂದೇ ಥರ ಕಾಣುವ ನೀಲಿ ಕೋಶಕ್ಕೆ ಸರಿಯಾದ ಹೆಸರು ಇಡೋದು.

ಹೆಸರಿನಲ್ಲಿ ಏನಿದೆ ಅನ್ನಬೇಡ. ಅಮೈಲಾಯ್ಡ್ ಅನ್ನೋ ಹೆಸರೇ ತಪ್ಪು. ಹೈಸ್ಕೂಲಲ್ಲಿ ಆಲೂಗಡ್ಡೆ ಮೇಲೆ ಅಯೋಡಿನ್ ಹಾಕಿ ನೀಲಿ ಮಾಡಿದ್ದು ನೆನಪಿದೆಯಾ? 1854ರಲ್ಲಿ ವಿರ್ಕೋ ಮಾಡಿದ್ದೂ ಅದೇ ಥರದ ಪರೀಕ್ಷೆ. ಬಣ್ಣ ತಿರುಗಿತು, "ಗಂಜಿಯಂಥದ್ದು" ಅಂತ ಹೆಸರಿಟ್ಟರು. ಐದೇ ವರ್ಷದಲ್ಲಿ ಫ್ರೀಡ್‌ರೈಖ್, ಕೆಕುಲೆ ಇಬ್ಬರೂ ಸೇರಿ ಇದು ಗಂಜಿಯಲ್ಲ, ಪ್ರೋಟೀನು ಅಂದರು. ಹೆಸರು ಮಾತ್ರ ಅಂಟಿಕೊಂಡಿತು. ಕಾಂಗೋ ರೆಡ್ ಕೂಡ ಮೂಲದಲ್ಲಿ ಹತ್ತಿಬಟ್ಟೆಯ ಬಣ್ಣ, 1922ರಲ್ಲಿ ಬೆನ್‌ಹೋಲ್ಡ್ ಅದನ್ನು ಅಮೈಲಾಯ್ಡ್‌ಗೆ ತಂದರು. ಬಟ್ಟೆ ಬಣ್ಣ, ಬಟ್ಟೆ ಗಂಜಿ. ನಮ್ಮದು ಲಾಂಡ್ರಿ ವಿದ್ಯೆ ಅಂತ ನಾನು ಕ್ಲಾಸಿನಲ್ಲಿ ಹೇಳ್ತಿದ್ದೆ.

ಈಗ ನನ್ನ ತಪ್ಪು ಹೇಳ್ತೀನಿ, ಕೇಳಿಸ್ಕೋ. 2011. ಎಪ್ಪತ್ತು ದಾಟಿದ ಹಿರಿಯರು, ಹೃದಯ ದಪ್ಪಗಾಗಿದೆ, ರಕ್ತದಲ್ಲಿ ಸಣ್ಣದೊಂದು ಎಂ ಬ್ಯಾಂಡ್ (ಒಂದೇ ಥರದ ಆಂಟಿಬಾಡಿ ಹೆಚ್ಚಾದ ಗುರುತು). ಹೊಟ್ಟೆಯ ಕೊಬ್ಬಿನಲ್ಲಿ ಕಾಂಗೋ ರೆಡ್ ಪಾಸಿಟಿವ್. ಪ್ರೋಟೀನು ಗುರುತಿಸುವ ಇಮ್ಯುನೋ ಬಣ್ಣ ಹಾಕಿದೆ, ಲೈಟ್ ಚೈನಿನ ಎರಡು ಬಗೆಯಾದ ಕಪ್ಪಾ, ಲ್ಯಾಂಬ್ಡಾ, ಹಿನ್ನೆಲೆ ಎಲ್ಲ ಕಂದು; ಲ್ಯಾಂಬ್ಡಾ ಒಂದು ಗುಲಗಂಜಿಯಷ್ಟು ಜಾಸ್ತಿ ಅನ್ನಿಸಿತು. "ಎಎಲ್, ಲ್ಯಾಂಬ್ಡಾ" ಅಂತ ಬರೆದು ಸಹಿ ಹಾಕಿದೆ. ಬೋರ್ಟೆಜೊಮಿಬ್ ಅನ್ನೋ ಕೀಮೋ ಶುರುವಾಯಿತು. ಮೂರು ಸೈಕಲ್‌ಗೆ ಅವರ ಪಾದ ಮರಗಟ್ಟಿ ಚಪ್ಪಲಿ ಕಳಚಿದ್ದೇ ಗೊತ್ತಾಗುತ್ತಿರಲಿಲ್ಲ. ಮಗ ಹೊರದೇಶದಲ್ಲಿದ್ದ, ಬ್ಲಾಕ್ (ಮೇಣದಲ್ಲಿ ಹುದುಗಿಸಿದ ಬಯಾಪ್ಸಿ ತುಂಡು) ತೆಗೆದುಕೊಂಡು ಹೋದ. ಮಾಸ್ ಸ್ಪೆಕ್ ಉತ್ತರ: ಟ್ರಾನ್ಸ್‌ಥೈರೆಟಿನ್. ಲಿವರ್ ತಯಾರಿಸುವ ಪ್ರೋಟೀನು, ಕೀಮೋಗೂ ಅದಕ್ಕೂ ಸಂಬಂಧವೇ ಇಲ್ಲ. ಅವರಿಗೆ ಎಷ್ಟೋ ವರ್ಷದ ಹಿಂದೆ ಎರಡೂ ಮಣಿಕಟ್ಟಿಗೆ ಕಾರ್ಪಲ್ ಟನಲ್ ಆಪರೇಷನ್ ಆಗಿತ್ತಂತೆ, ಆ ರೋಗದ ಹಳೇ ಸುಳಿವು ಅದು. ನಾನು ಕೇಳಿರಲಿಲ್ಲ. ಹೃದಯದ ಟ್ರಾನ್ಸ್‌ಥೈರೆಟಿನ್‌ಗೆ ಟಾಫಾಮಿಡಿಸ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ, ಹಾಗಾಗಿ ಸರಿಯಾಗಿ ಬರೆದಿದ್ದರೂ ಆಗ ಆ ಮಾತ್ರೆ ಸಿಗುತ್ತಿರಲಿಲ್ಲ. ಪಾದ ಉಳಿಯುತ್ತಿತ್ತು.

ನಿಮ್ಮಮ್ಮನಿಗೆ ಇದನ್ನು ಓದಿ ಹೇಳು. ಮುಖ ನೋಡದೆಯೂ ಕಾಲು ಕೆಡಿಸಬಹುದು.

ಈಗ ಮನುಷ್ಯರಲ್ಲಿ ಅಮೈಲಾಯ್ಡ್ ಆಗುವ ಪ್ರೋಟೀನುಗಳು 40ಕ್ಕೂ ಹೆಚ್ಚು. ಇನ್ಸುಲಿನ್ ಚುಚ್ಚಿದ ಜಾಗದಲ್ಲೇ ಇನ್ಸುಲಿನ್ ಗಟ್ಟಿಯಾಗಿ ಅಮೈಲಾಯ್ಡ್ ಆಗೋದೂ ಉಂಟು. ನಮ್ಮಲ್ಲಿ ಹಳೇ ಟಿಬಿಯಿಂದ ಬರುವ ಎಎ ಅನ್ನೋ ಬಗೆಯ ಅಮೈಲಾಯ್ಡ್ ಬೇರೆ. ಕೆಲಸಕ್ಕೇನು ಬರ ಇಲ್ಲ. ಎಂಡಿ ಮುಗಿಸಿ ಹೆಮಟೋಪೆಥಾಲಜಿ (ರಕ್ತರೋಗಗಳ ಪೆಥಾಲಜಿ) ಡಿಎಂ ಮಾಡು, ಚಂಡೀಗಢದ ಪಿಜಿಐನಲ್ಲಿದೆ. ಹೊರದೇಶ ಆಮೇಲೆ ನೋಡಿದರಾಯಿತು.

ಮೈಕ್ರೋಟೋಮ್ ಮಾವ:

ಮೇಡಂ ಹೇಳಿದ್ದು ಖರೆ ಐತ್ರಿ. ನಾ ಹಿಸ್ಟೋ ಲ್ಯಾಬಿನ್ಯಾಗ ಟೆಕ್ನಿಷಿಯನ್, ಹುಬ್ಬಳ್ಳಿ ಕಡೆ. ಒಂದು ಮಾತ್ ಹೇಳ್ತೇನಿ. ಡಾಕ್ಟರ್ ಮಂದಿ ಕಾಂಗೋ ರೆಡ್ ಅಂತ ಚೀಟಿ ಬರದು ಕಳಸ್ತಾರ, ನಾವು ರೂಢಿ ಪ್ರಕಾರ 3 ಮೈಕ್ರಾನ್ ಕಟ್ ಮಾಡಿ ಕೊಡ್ತೇವಿ. ಹಸಿರು ಕಾಣಂಗಿಲ್ಲ, ನೆಗೆಟಿವ್ ಅಂತ ರಿಪೋರ್ಟ್ ಹೋಗ್ತದ. 8ರಿಂದ 10 ಮೈಕ್ರಾನ್ ಬೇಕ್ರಿ ಅದಕ್ಕ. ಗೊತ್ತಿದ್ದ ಪಾಸಿಟಿವ್ ಕಂಟ್ರೋಲ್ ಸ್ಲೈಡ್ ಜೊತಿಗೆ ಇಲ್ಲಂದ್ರ ನೋಡಲೇಬ್ಯಾಡ್ರಿ. ಕೊಲಾಜನ್ನೂ ಹೊಳೀತದ, ಆದ್ರ ಅದು ಬೆಳ್ಳಿ ಬಿಳುಪು. ಮತ್ತ ಗಂಟನ್ನ ಸಲೈನ್‌ನ್ಯಾಗ ಹಾಕಿ ಕಳಸೋರಿಗೆ ಏನ್ ಹೇಳೂದು, ಕೈಮುಗೀತೇನಿ, ಫಾರ್ಮಲಿನ್ ಹಾಕ್ರಿ, ಗಂಟಿನ ಹತ್ತು ಪಟ್ಟು ಹಾಕ್ರಿ.

ಸ್ಲೈಡುಗಿತ್ತಿ:

ಮೇಡಂ, ನಿಮ್ಮ 2011ರ ಕೇಸ್ ಓದಿ ಕೈ ತಣ್ಣಗಾಯಿತು. ನನ್ನ ಕೇಸಿನಲ್ಲೂ ಲಿಂಫೋಮಾ ಇದೆ ಅಂದಮೇಲೆ ಎಎಲ್ಲೇ ಅಂತ ಬರೆದುಬಿಟ್ಟಿದ್ದೆ. ಯಾವ ಪ್ರೋಟೀನು ಅಂತ ನೋಡುವ ಟೈಪಿಂಗ್ ಮಾಡಿಸಿಲ್ಲ. ಸಂಜೆ ಸರ್ ಹತ್ತಿರ ಮಾತಾಡಿದೆ, ಹೊರಗೆ ಕಳಿಸೋಣ ಅಂದರು. ಮಾವ, ನಮ್ಮಲ್ಲೂ 3 ಮೈಕ್ರಾನೇ ಕಟ್ ಮಾಡಿದ್ದು, ಆದರೂ ಹಸಿರು ಕಂಡಿದೆ ಅಂದರೆ ಅಲ್ಲಿ ಎಷ್ಟು ತುಂಬಿರಬೇಕು!

ಹಳೇ ಬ್ಲಾಕು:

ಲಿಂಫೋಮಾದ ಗಂಟಿನಲ್ಲೇ ಇದ್ದರೆ ಎಎಲ್ ಆಗಿರೋ ಸಾಧ್ಯತೆ ಹೆಚ್ಚು. ಆದರೂ ಕಳಿಸು. ಬ್ಲಾಕಿನಲ್ಲಿ ಎಷ್ಟು ಉಳಿದಿದೆ?

ಸ್ಲೈಡುಗಿತ್ತಿ:

ಎರಡು ಮಿಲಿಮೀಟರ್ ಇರಬಹುದು.

ಹಳೇ ಬ್ಲಾಕು:

ಸಾಕು. "ಟ್ರಿಮ್ ಮಾಡಬೇಡಿ" ಅಂತ ಕ್ಯಾಸೆಟ್ ಮೇಲೆ ಪೆನ್ಸಿಲಿನಲ್ಲಿ ಈಗಲೇ ಬರೆದಿಡು. ಪೆನ್ನಿನಲ್ಲಿ ಬೇಡ, ಝೈಲೀನ್ ಬಿದ್ದರೆ ಅಳಿಸಿ ಹೋಗುತ್ತೆ.